ಹೊಲಕ್ಕೆ ಪಾಲುಂಟು, ಟ್ರ್ಯಾಕ್ಟರಿಗೆ ಇಲ್ಲ



ಕೃಷಿ ಯಂತ್ರಗಳ ಸಾಲದ ಮಾತು ಬಂದರೆ ನಾವು ಬ್ಯಾಂಕಿನ ಕಡೆ ನೋಡುತ್ತೇವೆ. ಆಸ್ತಿ ಪಾಲಿನ ಮಾತು ಬಂದರೆ ತಹಸೀಲ್ದಾರ್ ಕಚೇರಿಯ ಕಡೆ, ಇಲ್ಲವೇ ಕೋರ್ಟಿನ ಕಡೆ ನೋಡುತ್ತೇವೆ. ಎರಡಕ್ಕೂ ಬೇರೆ ಕಾಗದ, ಬೇರೆ ವಕೀಲರು, ಬೇರೆ ಜಗಳ. ನೌಕರಿಯ ಬಹುಪಾಲನ್ನು ನಾನು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಕೃಷಿ ಸಾಲದ ಕೆಲಸದಲ್ಲೇ ಕಳೆದೆ. ಅಲ್ಲಿ ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಒಂದೇ ಮಾತು ಹೇಳಲು ಬಂದಿದ್ದೇನೆ. ಇವೆರಡೂ ಒಂದೇ ಸಂಕಟ. ಅಪ್ಪ ತಂದ ಯಂತ್ರದ ಕಂತು ತೀರುವ ಮೊದಲೇ ಹೊಲ ಮಕ್ಕಳ ಕೈಗೆ ಹೋಗುವ ಕಾಲ ಬಂದಿರುತ್ತದೆ. ಹೊಲವನ್ನು ಪಾಲು ಮಾಡಲು ನಮಗೆ ಗೊತ್ತು. ಯಂತ್ರವನ್ನು ಪಾಲು ಮಾಡಲಾಗುವುದಿಲ್ಲ. ಸಾಲವನ್ನು ಪಾಲು ಮಾಡುವ ಪದ್ಧತಿಯೇ ನಮ್ಮಲ್ಲಿ ಬೆಳೆದಿಲ್ಲ.

ಕೃಷಿ ಗಣತಿಯ ಪ್ರಕಾರ 1970-71ರಲ್ಲಿ ಕರ್ನಾಟಕದ ಸರಾಸರಿ ಹಿಡುವಳಿ 3.20 ಹೆಕ್ಟೇರ್, ಅಂದರೆ ಹೆಚ್ಚು ಕಡಿಮೆ 8 ಎಕರೆ. 2015-16ರ ಗಣತಿಯಲ್ಲಿ ಅದು 1.36 ಹೆಕ್ಟೇರಿಗೆ ಇಳಿದಿತ್ತು, ಅಂದರೆ 3 ಎಕರೆ 14 ಗುಂಟೆ. ಒಂದೂವರೆ ತಲೆಮಾರಿನಲ್ಲಿ ಹೊಲ ಅರ್ಧಕ್ಕಿಂತ ಕಡಿಮೆಯಾಯಿತು. ಇದೇ ಅವಧಿಯಲ್ಲಿ ಯಂತ್ರ ಹೋದದ್ದು ಎದುರು ದಿಕ್ಕಿಗೆ. ಮೊದಲು 35 ಅಶ್ವಶಕ್ತಿಯ ಟ್ರ್ಯಾಕ್ಟರು ಸಾಕೆನ್ನುತ್ತಿದ್ದವರು ಈಗ 45, 50ಕ್ಕೆ ಕಡಿಮೆ ಕೇಳುವುದಿಲ್ಲ. ಅವರಿಗೆ ಅದು ಚಪಲವಲ್ಲ. ರೋಟವೇಟರ್ ತಿರುಗಬೇಕಾದರೆ, ಎರೆಭೂಮಿಯಲ್ಲಿ ಪಲ್ಟಿ ರಂಟೆ ಆಳಕ್ಕೆ ಹೋಗಬೇಕಾದರೆ ಅಷ್ಟು ಶಕ್ತಿ ಬೇಕು.

ಎತ್ತಿನ ಬೇಸಾಯ ಹೀಗಿರಲಿಲ್ಲ. ನೇಗಿಲು, ಕುಂಟಿ, ಕೂರಿಗೆ ಇವು ಸಣ್ಣ ಹೊಲಕ್ಕೂ ಹೊಂದುತ್ತಿದ್ದವು, ದೊಡ್ಡದಕ್ಕೂ ಹೊಂದುತ್ತಿದ್ದವು. ಅಣ್ಣತಮ್ಮಂದಿರು ಬೇರೆಯಾದರೆ ಆಳಿಗೊಂದು ಎತ್ತು ಹಂಚಿಕೊಳ್ಳಬಹುದಿತ್ತು, ಬಿತ್ತನೆಗೆ ಮತ್ತೆ ಇಬ್ಬರೂ ಕೂಡಿ ಜೋಡಿ ಹೂಡಬಹುದಿತ್ತು. ಕುಳ ಬಡಿದುಕೊಟ್ಟ ಕಮ್ಮಾರನಿಗೂ ದಿಂಡು ಕಟ್ಟಿದ ಬಡಿಗನಿಗೂ ಸಲ್ಲುವ ಆಯ ಕಣದಲ್ಲಿ ರಾಶಿಯಾದ ಮೇಲೆ ಸಲ್ಲುತ್ತಿತ್ತು. ಮಳೆ ಕೈಕೊಟ್ಟ ವರ್ಷ ರಾಶಿಯೂ ಕಡಿಮೆ, ಆಯವೂ ಕಡಿಮೆ. ಆ ಏರ್ಪಾಡಿನಲ್ಲಿ ಜಾತಿಯ ಕಟ್ಟು ಬಿಗಿಯಾಗಿತ್ತು, ಆಯಗಾರನ ಬದುಕು ದೊಡ್ಡವರ ಮರ್ಜಿಯಲ್ಲಿತ್ತು, ಸೆಗಣಿ ಮೇವಿನ ದುಡಿಮೆಯಲ್ಲಿ ಹೆಂಗಸರ ಬೆನ್ನು ಬಾಗುತ್ತಿತ್ತು. ಅದು ಮರಳಿ ಬರಲಿ ಎಂದು ನಾನು ಹೇಳಲಾರೆ. ಆದರೆ ಅದರ ಒಂದು ಗುಣವನ್ನು ಗಮನಿಸಬೇಕು. ಸಲಕರಣೆಯ ಖರ್ಚು ಬೆಳೆಯ ಜೊತೆಗೇ ಏರುತ್ತಿತ್ತು, ಬೆಳೆಯ ಜೊತೆಗೇ ಇಳಿಯುತ್ತಿತ್ತು. ಇವತ್ತಿನ ಕಂತು ಬರಗಾಲದಲ್ಲೂ ಅಷ್ಟೇ, ಸುಗ್ಗಿಯಲ್ಲೂ ಅಷ್ಟೇ.

ಈಗ ಒಂದು ಲೆಕ್ಕ ಮಾಡೋಣ. ಉದಾಹರಣೆಗೆ ಹಿಡಿದ ಅಂಕಿಗಳಿವು, ನಿಮ್ಮ ಊರಿನ ದರ ಹಾಕಿ ನೀವೇ ತಿದ್ದಿಕೊಳ್ಳಬಹುದು. ಟ್ರ್ಯಾಕ್ಟರಿಗೆ 8 ಲಕ್ಷ ರೂಪಾಯಿ. ಟ್ರೇಲರ್, ರೋಟವೇಟರ್, ಕಲ್ಟಿವೇಟರ್ ಸೇರಿ 3 ಲಕ್ಷ. ಎರಡೂವರೆ ಲಕ್ಷ ಕೈಯಿಂದ ಕಟ್ಟಿ, ಉಳಿದ ಎಂಟೂವರೆ ಲಕ್ಷವನ್ನು ನೂರಕ್ಕೆ 10ರ ಬಡ್ಡಿಯಲ್ಲಿ 7 ವರ್ಷದ ಸಾಲ ತೆಗೆದರೆ ವರ್ಷದ ಕಂತು ಸುಮಾರು 1 ಲಕ್ಷ 75 ಸಾವಿರ ಬರುತ್ತದೆ. ಐದು ಎಕರೆಯವನಿಗೆ ಎರಡು ಬೆಳೆಗೂ ಸೇರಿ ಸ್ವಂತ ಹೊಲದಲ್ಲಿ ಟ್ರ್ಯಾಕ್ಟರಿನ ಕೆಲಸ ಎಷ್ಟು? ಧಾರಾಳವಾಗಿ ಹಿಡಿದರೂ ಅರವತ್ತು ತಾಸು. ತಾಸಿಗೆ ಸಾವಿರದಂತೆ ಬಾಡಿಗೆ ಕೊಟ್ಟಿದ್ದರೆ ಡೀಸೆಲ್ಲು, ಡ್ರೈವರು ಎಲ್ಲ ಸೇರಿ 60 ಸಾವಿರಕ್ಕೆ ಮುಗಿಯುತ್ತಿತ್ತು. ಟ್ರ್ಯಾಕ್ಟರು ತನ್ನ ಖರ್ಚು ತಾನೇ ದುಡಿಯಬೇಕಾದರೆ ವರ್ಷಕ್ಕೆ ಸಾವಿರ ತಾಸು ಓಡಬೇಕೆಂಬುದು ಕೃಷಿ ಎಂಜಿನಿಯರಿಂಗಿನವರು ಬಹಳ ಕಾಲದಿಂದ ಹಿಡಿಯುತ್ತ ಬಂದ ಲೆಕ್ಕ. ಅರವತ್ತೆಲ್ಲಿ, ಸಾವಿರವೆಲ್ಲಿ? ನಡುವಿನ ತಾಸುಗಳನ್ನು ತುಂಬಲು ಮನೆಯ ಹುಡುಗ ಇಟ್ಟಂಗಿ ಹೇರಬೇಕು, ಮಣ್ಣು ಹೊಡೆಯಬೇಕು, ಸೀಸನ್ನಿನಲ್ಲಿ ಕಬ್ಬು ಎಳೆಯಬೇಕು. ಅಷ್ಟಾದ ಮೇಲೆ ಅವನು ರೈತನೋ ಟ್ರ್ಯಾಕ್ಟರ್ ಡ್ರೈವರೋ ಎಂಬುದು ಅವನಿಗೇ ತಿಳಿಯದಂತಾಗುತ್ತದೆ.

2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. ಒಳ್ಳೆಯ ಕೆಲಸ, ಸ್ವಾಗತಿಸೋಣ. ಎಂಟು ಲಕ್ಷದ ಗಾಡಿಯಲ್ಲಿ ಅದರಿಂದ ಉಳಿಯುವುದು ಸುಮಾರು 50 ಸಾವಿರ, ನಾನು ಹೇಳಿದ ಒಂದು ವರ್ಷದ ಕಂತಿನ ಮೂರನೇ ಒಂದು ಪಾಲೂ ಅಲ್ಲ.

ಹಾಗಿದ್ದರೂ ಯಾಕೆ ಕೊಳ್ಳುತ್ತಾರೆ? ಈ ಪ್ರಶ್ನೆ ಕೇಳುವವರಲ್ಲಿ ಬಹಳ ಜನರಿಗೆ ರೈತನಿಗೆ ಲೆಕ್ಕ ಬರುವುದಿಲ್ಲ ಎಂಬ ಭಾವನೆ ಇರುತ್ತದೆ. ಅದು ತಪ್ಪು. ನರಗುಂದ, ನವಲಗುಂದದ ಕಡೆಯ ಕಪ್ಪು ನೆಲ ಬಲ್ಲವರಿಗೆ ಇದರ ಉತ್ತರ ಗೊತ್ತು. ಮುಂಗಾರಿಯ ಹೆಸರು ಒಕ್ಕಿದ ಮೇಲೆ ಹಿಂಗಾರಿಯ ಕಡಲೆ, ಬಿಳಿಜೋಳಕ್ಕೆ ಭೂಮಿ ಹದಕ್ಕೆ ಬರಬೇಕು. ಮಳೆ ಬಿದ್ದ ಕೂಡಲೇ ಕಾಲಿಟ್ಟರೆ ಮೊಣಕಾಲ ತನಕ ಕೆಸರು. ನಾಲ್ಕು ದಿನ ತಡವಾದರೆ ಮೇಲ್ಮಣ್ಣು ಗಟ್ಟಿ. ನಡುವೆ ಸಿಗುವುದು ಎರಡೋ ಮೂರೋ ದಿನ. ಆ ದಿನಗಳು ಊರಿಗೆಲ್ಲ ಒಟ್ಟಿಗೇ ಬರುತ್ತವೆ. ಬಾಡಿಗೆ ಟ್ರ್ಯಾಕ್ಟರಿನವನು ಮೊದಲು ತನ್ನ ಹೊಲ ಬಿತ್ತುತ್ತಾನೆ, ಆಮೇಲೆ ಬೀಗರದು, ಆಮೇಲೆ ಹತ್ತೆಕರೆ ಇದ್ದವರದು. ಎರಡೆಕರೆಯವನ ಸರದಿ ಬರುವ ಹೊತ್ತಿಗೆ ಹದ ಹೋಗಿರುತ್ತದೆ. ಆ ಒಂದು ವರ್ಷದ ಬೆಳೆ ಹೋದದ್ದನ್ನು ಕಣ್ಣಾರೆ ಕಂಡವನು ಮರುವರ್ಷ ಶೋರೂಮಿನ ಮೆಟ್ಟಿಲು ಹತ್ತುತ್ತಾನೆ. ಅವನು ದುಡ್ಡು ಕೊಟ್ಟು ತರುವುದು ಆ ಮೂರು ದಿನಗಳನ್ನು.

ಇನ್ನೊಂದು ಕಾರಣವನ್ನು ಹೆಣ್ಣು ಹೆತ್ತವರು, ಗಂಡು ಹೆತ್ತವರು ಇಬ್ಬರೂ ಬಲ್ಲರು. ಹೊಲದಲ್ಲಿ ದುಡಿಯುವ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಅವಿವಾಹಿತ ಯುವ ರೈತರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದು ಪತ್ರಿಕೆಗಳಲ್ಲಿ ಬಂತು. ಕೆಲವರು ಅದನ್ನು ತಮಾಷೆಯಂತೆ ಓದಿದರು. ನನಗೆ ಅದು ಒಕ್ಕಲುತನದ ವಾರಸುದಾರಿಕೆಗೆ ಬಂದ ಆಪತ್ತಿನ ಬಹಿರಂಗ ಘೋಷಣೆಯಂತೆ ಕಂಡಿತು. ಅಂಗಳದಲ್ಲಿ ಟ್ರ್ಯಾಕ್ಟರು ನಿಂತಿದ್ದರೆ ಮಗ ಊರಲ್ಲಿ ಉಳಿದಾನು, ಮದುವೆಯ ಮಾತು ಮುಂದುವರಿದೀತು ಎಂದು ಎಷ್ಟೋ ತಂದೆತಾಯಿ ಸಾಲಕ್ಕೆ ಸಹಿ ಹಾಕಿದ್ದಾರೆ. ಅಂದರೆ ಹೊಲವನ್ನು ಮಗನಿಗೆ ದಾಟಿಸುವ ಆಸೆಯೇ ಸಾಲದ ಮೂಲ. ಅದೇ ಸಾಲ ದಾಟಿಸುವ ದಾರಿಗೆ ಅಡ್ಡ ಬೀಳುತ್ತದೆ.

ಆದಾಯದ ಕಡೆ ನೋಡಿದರೆ 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ದೇಶದ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ವರಮಾನ 10,218 ರೂಪಾಯಿ. ಅದರಲ್ಲಿ ಬೆಳೆಯಿಂದ ಬಂದದ್ದು 3,798. ಕೂಲಿ, ಸಂಬಳದಿಂದ ಬಂದದ್ದು ಅದಕ್ಕಿಂತ ಹೆಚ್ಚು, 4,063. ಬೆಂಬಲ ಬೆಲೆಯ ಸೂತ್ರದೊಳಗೂ ಒಂದು ಸಂಗತಿ ಅಡಗಿದೆ. ಕೇಂದ್ರ ಸರ್ಕಾರ 2018-19ರಿಂದ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಬೆಂಬಲ ಬೆಲೆ ಕೊಡುತ್ತಿರುವುದಾಗಿ ಹೇಳುತ್ತದೆ. ಆ ವೆಚ್ಚ ‘ಎ2 ಮತ್ತು ಕುಟುಂಬ ಶ್ರಮ’, ಅಂದರೆ ರೈತ ಕೈಯಿಂದ ಮಾಡಿದ ಖರ್ಚು ಮತ್ತು ಮನೆಯವರ ದುಡಿಮೆಯ ಬೆಲೆ. ಅದರಲ್ಲಿ ಯಂತ್ರದ ಸವಕಳಿ ಸೇರುತ್ತದೆ. ಯಂತ್ರದಲ್ಲಿ ತೊಡಗಿಸಿದ ಬಂಡವಾಳದ ಮೇಲಿನ ಬಡ್ಡಿ ಸೇರುವುದಿಲ್ಲ. ಅದು ಸೇರುವುದು ‘ಸಿ2’ ಎಂಬ ವೆಚ್ಚದಲ್ಲಿ, ರೈತ ಸಂಘಟನೆಗಳು ಬಹಳ ವರ್ಷಗಳಿಂದ ಕೇಳುತ್ತಿರುವ ಲೆಕ್ಕದಲ್ಲಿ. ಯಂತ್ರ ಕೊಳ್ಳಿರಿ ಎಂದು ಇಲಾಖೆಯೇ ಸಹಾಯಧನ ಕೊಡುತ್ತದೆ, ಆದರೆ ಆ ಯಂತ್ರದ ಬಡ್ಡಿ ಬೆಲೆಯ ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ.

ಇನ್ನು ಪಾಲಿನ ದಿನಕ್ಕೆ ಬರೋಣ. ಒಂದು ಮನೆಯ ಸಂಗತಿ ಹೇಳುತ್ತೇನೆ, ಊರು ಹೆಸರು ಬೇಡ. ಒಂಬತ್ತು ಎಕರೆ ಹೊಲ, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಅಪ್ಪನ ಹೆಸರಿನಲ್ಲಿ ಟ್ರ್ಯಾಕ್ಟರು. ಸಾಲ ಖಾಸಗಿ ಫೈನಾನ್ಸಿನದು, ಹಿರಿಯ ಮಗ ಸಹ ಸಾಲಗಾರ, ಸೋದರಮಾವ ಜಾಮೀನುದಾರ. ಕಿರಿಯ ಮಗ ಬೆಂಗಳೂರಿನಲ್ಲಿ ಕಾರ್ಖಾನೆ ಕೆಲಸಕ್ಕೆ ಹೋಗಿದ್ದ. ಅಪ್ಪ ತೀರಿಕೊಂಡಾಗ ಅರ್ಧಕ್ಕಿಂತ ಹೆಚ್ಚು ಕಂತು ಬಾಕಿ. ಕಿರಿಯವನು ಪಾಲು ಕೇಳಿದ. ಹಿರಿಯವನು, ಟ್ರ್ಯಾಕ್ಟರು ಇಡೀ ಹೊಲ ಹೂಡಿದೆ, ಸಾಲವೂ ಎಲ್ಲರದು ಎಂದ. ಕಿರಿಯವನು, ಇಷ್ಟು ವರ್ಷ ಬಾಡಿಗೆ ದುಡಿದ ಹಣದಲ್ಲಿ ನನಗೇನು ಕೊಟ್ಟೆ ಎಂದು ಕೇಳಿದ. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಆದರೆ ಎಷ್ಟು ತಾಸು ಮನೆಯ ಹೊಲಕ್ಕೆ ಓಡಿತು, ಎಷ್ಟು ಬಾಡಿಗೆಗೆ ಓಡಿತು, ಟೈರು ಬದಲಿಸಿದ್ದು ಯಾರ ದುಡ್ಡಿನಿಂದ ಎಂಬುದಕ್ಕೆ ಒಂದು ಸಾಲಿನ ಬರಹವೂ ಇರಲಿಲ್ಲ. ಅವರ ತಾಯಿ ನನ್ನನ್ನು ಕೇಳಿದ್ದು ಇಂದಿಗೂ ನೆನಪಿದೆ: “ಹೊಲಾ ಅಳ್ಯಾಕ ಸರ್ವೇದವ್ರು ಬರ್ತಾರ್ರಿ ಸಾಹೇಬ್ರ, ಸಾಲಾ ಅಳ್ಯಾಕ ಯಾರ್ ಬರ್ತಾರ್ರಿ?”

ಯಾರೂ ಬರಲಿಲ್ಲ. ಎರಡು ಕಂತು ತಪ್ಪಿದ ಮೇಲೆ ಫೈನಾನ್ಸಿನವರು ಗಾಡಿ ಒಯ್ದರು, ಹರಾಜಿನಲ್ಲಿ ಬಂದದ್ದು ಬಾಕಿಗೆ ಸಾಲಲಿಲ್ಲ. ಉಳಿದದ್ದು ಹಿರಿಯ ಮಗನ ಮೇಲೂ ಸೋದರಮಾವನ ಮೇಲೂ ಬಿತ್ತು. ಆಮೇಲೆ ಹಿರಿಯವನು ತನ್ನ ಪಾಲಿನ ಹೊಲದಲ್ಲಿ ಸ್ವಲ್ಪ ಮಾರಿದ.

ಈ ಮನೆಯವರಿಗೆ ಕಾನೂನು ಒಂದಿಷ್ಟು ರಕ್ಷಣೆ ಕೊಟ್ಟಿತ್ತು, ಅವರಿಗೆ ಹೇಳಿದವರಿರಲಿಲ್ಲ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನ ಪ್ರಕಾರ ಒಕ್ಕಲಿಗನ ಬೇಸಾಯದ ಸಲಕರಣೆ, ಜೀವನಕ್ಕೆ ಬೇಕಾದ ದನ, ಬೀಜದ ಕಾಳು ಇವನ್ನು ಕೋರ್ಟಿನ ಜಪ್ತಿಯಿಂದ ಹೊರಗಿಡಬೇಕು. ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿಯನ್ನು ವಶಪಡಿಸಿಕೊಳ್ಳಲು ಬ್ಯಾಂಕಿಗೆ ಅಧಿಕಾರ ಕೊಡುವ 2002ರ ಸರ್ಫೇಸಿ ಕಾಯ್ದೆ ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಅನ್ವಯಿಸುವುದಿಲ್ಲ. ನೇಗಿಲಿಗೂ ನೆಲಕ್ಕೂ ರಕ್ಷಣೆ ಉಂಟು. ಆದರೆ ಸಾಲ ಕೊಟ್ಟವನಿಗೇ ಹೈಪಾಥಿಕೇಶನ್ ಬರೆದುಕೊಟ್ಟ ಟ್ರ್ಯಾಕ್ಟರನ್ನು ಈ ಎರಡೂ ಕಾಯುವುದಿಲ್ಲ. ಇನ್ನೊಂದು ರಕ್ಷಣೆ 2005ರ ತಿದ್ದುಪಡಿಯಲ್ಲಿದೆ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಒಂದೇ ಕಾರಣಕ್ಕೆ ಮಗನ ಮೇಲೆ, ಮೊಮ್ಮಗನ ಮೇಲೆ ವಸೂಲಿಗೆ ಹೋಗುವ ಹಳೆಯ ತತ್ವವನ್ನು ಹಿಂದೂ ಉತ್ತರಾಧಿಕಾರ ಕಾಯ್ದೆ ಆ ವರ್ಷದ ನಂತರದ ಸಾಲಗಳ ಮಟ್ಟಿಗೆ ಕೈಬಿಟ್ಟಿದೆ. ತಂದೆಯಿಂದ ಬಂದ ಆಸ್ತಿಯಷ್ಟಕ್ಕೆ ಮಾತ್ರ ಹೊಣೆ. ಅದಕ್ಕೇ ಸಾಲ ಕೊಡುವವರು ಮೊದಲೇ ಮಗನನ್ನು ಸಹ ಸಾಲಗಾರನನ್ನಾಗಿ ಕೂರಿಸುತ್ತಾರೆ. ಆ ಸಹಿ ಹಾಕುವ ಹುಡುಗನಿಗೆ, ನೀನು ಕಾನೂನು ಕೊಟ್ಟ ರಕ್ಷಣೆಯೊಂದನ್ನು ಬಿಟ್ಟುಕೊಡುತ್ತಿದ್ದೀಯ ಎಂದು ಹೇಳುವುದು ಬ್ಯಾಂಕಿನ ಕರ್ತವ್ಯವಾಗಬೇಕು.

ಪಹಣಿಯ ವಿಚಾರವೂ ಇದೆ. ಭೂಮಿಯ ಮೇಲಿನ ಬೋಜಾ ಪಹಣಿಯ 11ನೇ ಕಲಮಿನಲ್ಲಿ ಕಾಣುತ್ತದೆ, ಪಾಲಿಗೆ ಕುಳಿತವರೆಲ್ಲ ಓದಬಹುದು. ಟ್ರ್ಯಾಕ್ಟರಿನ ಸಾಲ ಆರ್‌ಸಿ ಪುಸ್ತಕದಲ್ಲಿ ಇರುತ್ತದೆ. ಬೋರ್‌ವೆಲ್ ಕೊರೆಸಿದ ಕೈಗಡ, ಪಂಪ್‌ಸೆಟ್ಟಿನ ಉದ್ರಿ, ಬಿಡಿಭಾಗದ ಅಂಗಡಿಯ ಬಾಕಿ ಎಲ್ಲೂ ಇರುವುದಿಲ್ಲ, ಅಪ್ಪನ ತಲೆಯಲ್ಲಿರುತ್ತದೆ. ತಿಥಿಗೆ ಬಂದವರ ಬಾಯಿಂದ ಮಕ್ಕಳಿಗೆ ಅದು ತಿಳಿಯುತ್ತದೆ.

ಈ ಜಗಳಗಳಲ್ಲಿ ಹೆಣ್ಣುಮಕ್ಕಳನ್ನು ಹೊಣೆ ಮಾಡುವ ಮಾತು ಬಹಳ ಕೇಳುತ್ತದೆ. ಅದನ್ನು ಇಲ್ಲಿ ನೇರವಾಗಿ ಎದುರಿಸಬೇಕು. ಕರ್ನಾಟಕ 1994ರಲ್ಲೇ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನ ಸಮಾನ ಹಕ್ಕು ಕೊಟ್ಟ ರಾಜ್ಯ, ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರಲ್ಲಿ ದೇಶಕ್ಕೆಲ್ಲ ಆ ಹಕ್ಕು ಬಂತು. ಹುಟ್ಟಿನಿಂದಲೇ ಅದು ಇದೆ, ತಂದೆ 2005ರಲ್ಲಿ ಬದುಕಿರಬೇಕೆಂದಿಲ್ಲ ಎಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆದರೂ ಪಂಚಮಿಗೆ ತವರಿಗೆ ಬಂದ ಮಗಳ ಮುಂದೆ ಸೀರೆ ಕುಪ್ಪಸದ ಜೊತೆ ಹಕ್ಕು ಬಿಡುಗಡೆ ಪತ್ರ ಇಡುವ ಮನೆಗಳಿವೆ. ಸಾಲ ಹೆಚ್ಚಾಗಿದೆ, ನಿನಗೆ ಪಾಲು ಕೊಟ್ಟರೆ ಅಣ್ಣ ಮುಳುಗುತ್ತಾನೆ ಎಂಬ ಮಾತು ಆ ಪತ್ರದ ಜೊತೆ ಬರುತ್ತದೆ. ಯಂತ್ರದ ಸಾಲ ಹೀಗೆ ಹೆಣ್ಣಿನ ಹಕ್ಕನ್ನು ಕಿತ್ತುಕೊಳ್ಳುವ ಸಾಧನವೂ ಆಗುತ್ತಿದೆ. ಹಿಡುವಳಿ 8 ಎಕರೆಯಿಂದ ಇಳಿಯಲು ಶುರುವಾದದ್ದು ಹೆಣ್ಣುಮಕ್ಕಳಿಗೆ ಪಾಲು ಬರುವುದಕ್ಕಿಂತ ಬಹಳ ಹಿಂದೆ, ಗಂಡುಮಕ್ಕಳ ಪಾಲಿನಿಂದಲೇ ಎಂಬುದನ್ನು ನೆನಪಿಡೋಣ.

ಒಡೆತನ ಪಾಲಾಗುವುದಕ್ಕೂ ಉಳುಮೆ ಪಾಲಾಗುವುದಕ್ಕೂ ನಾವು ವ್ಯತ್ಯಾಸ ಮಾಡುತ್ತಿಲ್ಲ. ನನ್ನ ವಾದದ ತಿರುಳು ಇದೇ. ಮೂವರು ಮಕ್ಕಳಿಗೆ ಮೂರು ಪಾಲಿನ ಒಡೆತನ ಇರಲಿ, ಪಹಣಿಯಲ್ಲಿ ಮೂವರ ಹೆಸರೂ ಕೂರಲಿ. ಆದರೆ ಬದು ಹಾಕಿ ಮೂರು ತುಂಡು ಮಾಡಿ, ಮೂರು ಬೋರು, ಮೂರು ಪಂಪು, ಮೂರು ಸಾಲ ಮಾಡಬೇಕಾಗಿಲ್ಲ. ತುಂಡುಭೂಮಿ ತಡೆಯಲು 1966ರಲ್ಲಿ ನಮ್ಮಲ್ಲಿ ಕಾಯ್ದೆಯೇ ಬಂದಿತ್ತು. ಮಾರಾಟಕ್ಕೆ, ಪಾಲಿಗೆ ತಡೆಯೊಡ್ಡಿ ಹಿಡುವಳಿ ಉಳಿಸಲು ಅದು ನೋಡಿತು, 1991ರಲ್ಲಿ ರದ್ದಾಯಿತು. ತಡೆಯಿಂದ ಆಗದ್ದು ಒಪ್ಪಂದದಿಂದ ಆಗಬಹುದು. ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲು ಮಾರಲು ಹೊರಟರೆ ಉಳಿದ ವಾರಸುದಾರರಿಗೆ ಮೊದಲು ಕೊಳ್ಳುವ ಹಕ್ಕನ್ನು ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮು ಕೊಡುತ್ತದೆ. ಅದು ಕೃಷಿ ಭೂಮಿಗೂ ಅನ್ವಯಿಸುತ್ತದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೃಷಿಕರಲ್ಲದವರು ಹೊಲ ಕೊಳ್ಳುವುದನ್ನು ತಡೆದಿದ್ದ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ಹೋದ ಮೇಲೆ ಪೇಟೆಯ ದುಡ್ಡು ಹಳ್ಳಿಯ ಹೊಲಕ್ಕೆ ಸಲೀಸಾಗಿ ಬರುತ್ತಿರುವಾಗ ಈ ಹಕ್ಕಿನ ಬೆಲೆ ದೊಡ್ಡದು. ಅದನ್ನು ಬಳಸಲು ಊರಲ್ಲಿ ಉಳಿದವನ ಕೈಯಲ್ಲಿ ಹಣ ಬೇಕು. ಟ್ರ್ಯಾಕ್ಟರಿಗೆ ಹತ್ತು ಲಕ್ಷ ಸಾಲ ಕೊಡಲು ಮುಂದಾಗುವವರು, ಅಕ್ಕತಂಗಿಯ ಪಾಲನ್ನು ನ್ಯಾಯಬೆಲೆಗೆ ಕೊಳ್ಳಲು ದೀರ್ಘಾವಧಿ ಸಾಲ ಕೇಳಿದರೆ ಅಷ್ಟು ಉತ್ಸಾಹ ತೋರುವುದಿಲ್ಲ. ಸಹಕಾರಿ ಬ್ಯಾಂಕುಗಳ ಮೂಲಕ ನೂರಕ್ಕೆ 3ರ ಬಡ್ಡಿಯಲ್ಲಿ 15 ಲಕ್ಷದವರೆಗೆ ಮಧ್ಯಮಾವಧಿ, ದೀರ್ಘಾವಧಿ ಸಾಲವನ್ನು ರಾಜ್ಯ ಸರ್ಕಾರ 2023ರಲ್ಲಿ ಘೋಷಿಸಿದೆ. ಕುಟುಂಬದೊಳಗೆ ಪಾಲು ಕೊಳ್ಳುವ ಉದ್ದೇಶವನ್ನೂ ಅದರಲ್ಲಿ ಸ್ಪಷ್ಟವಾಗಿ ಸೇರಿಸಬೇಕೆಂದು ನಾನು ಕೇಳುತ್ತೇನೆ.

ಒಂದು ಅಡ್ಡಿ ಇದೆ. ಊರು ಬಿಟ್ಟ ತಮ್ಮ, ಮದುವೆಯಾಗಿ ಹೋದ ತಂಗಿ ತಮ್ಮ ಪಾಲನ್ನು ಅಣ್ಣನಿಗೆ ಲಾವಣಿಗೆ ಬರೆದುಕೊಡಲು ಹೆದರುತ್ತಾರೆ. 1974ರ ಮಾರ್ಚ್ 1ರಿಂದ ಗೇಣಿ ಪದ್ಧತಿ ರದ್ದಾಯಿತು, ಉಳುವವನಿಗೆ ಭೂಮಿ ಬಂತು. ಲಕ್ಷಾಂತರ ಮನೆಗಳಿಗೆ ಅನ್ನ ಕೊಟ್ಟ ಕಾನೂನು ಅದು, ಅದರ ಋಣ ದೊಡ್ಡದು. ಆದರೆ ಹೊಸದಾಗಿ ಗೇಣಿಗೆ ಕೊಡುವುದಕ್ಕೂ ತಡೆ ಬಿದ್ದದ್ದರಿಂದ ಇಂದಿನ ಲಾವಣಿಯೆಲ್ಲ ಬಾಯಿಮಾತಿನದು. ಬಾಯಿಮಾತಿನ ಲಾವಣಿದಾರನಿಗೆ ಬೆಳೆಸಾಲ ಕಷ್ಟ, ವಿಮೆ ಕಷ್ಟ, ಯಂತ್ರದ ಸಹಾಯಧನವಂತೂ ದೂರ. ಕನಿಷ್ಠ ಒಡಹುಟ್ಟಿದವರ ನಡುವೆಯಾದರೂ ಬರಹದ ಲಾವಣಿಗೆ ಅವಕಾಶ ಬೇಕು.

ಯಂತ್ರವನ್ನು ಹಂಚಿಕೊಳ್ಳುವ ದಾರಿ ನಮಗೆ ಹೊಸದೇನಲ್ಲ. ಇಲ್ಲೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರಿ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಸಾಹುಕಾರನ ಬಡ್ಡಿಗೆ ಅದು ಊರಿನ ಉತ್ತರವಾಗಿತ್ತು. ಫ್ರಾನ್ಸಿನಲ್ಲಿ 1945ರ ನಂತರ ರೈತರು ಯಂತ್ರಗಳನ್ನು ಒಟ್ಟಾಗಿ ಕೊಂಡು ಬಳಸುವ ‘ಕ್ಯೂಮಾ’ ಸಹಕಾರಿಗಳನ್ನು ಕಟ್ಟಿಕೊಂಡರು. 1962ರಲ್ಲಿ ಅಪ್ಪಮಕ್ಕಳು, ಅಣ್ಣತಮ್ಮಂದಿರು ಕೂಡಿ ಒಂದೇ ಬೇಸಾಯ ಘಟಕವಾಗಿ ದುಡಿಯಲು ಅಲ್ಲಿ ಪ್ರತ್ಯೇಕ ಕಾನೂನು ಬಂತು. ನಮ್ಮಲ್ಲಿ 2014-15ರಿಂದ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಬಂದವು. ಅವುಗಳಲ್ಲಿ ಹಲವನ್ನು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ನಡೆಸಿತು. ಇದು ಸರಿಯಾದ ದಿಕ್ಕಿನ ಹೆಜ್ಜೆ. ಆದರೆ ಒಂದು ಹೋಬಳಿಗೆ ಒಂದು ಕೇಂದ್ರವೆಂದರೆ ಹದದ ಮೂರು ದಿನ ಅದರ ಬಾಗಿಲಲ್ಲಿ ಹೋಬಳಿಯೇ ನಿಂತಿರುತ್ತದೆ. ಎಂಟು ಹತ್ತು ಮನೆಗಳಿಗೆ ಒಂದು ಟ್ರ್ಯಾಕ್ಟರು, ಒಂದು ಕೂರಿಗೆ ಇರಬೇಕು. ಸರದಿಯ ಕ್ರಮ ಮೊದಲೇ ಬರೆದಿರಬೇಕು, ಈ ವರ್ಷ ಕೊನೆಗೆ ಬಿತ್ತಿದವನು ಮುಂದಿನ ವರ್ಷ ಮೊದಲು ಬಿತ್ತಬೇಕು. ಒಬ್ಬೊಬ್ಬರ ಹೆಸರಿಗೆ ಹೋಗುವ ಸಹಾಯಧನದ ದೊಡ್ಡ ಪಾಲು ಇಂಥ ಸಣ್ಣ ಗುಂಪುಗಳಿಗೆ ಹೋಗಲಿ. ಗುಂಪಿನ ಯಂತ್ರಕ್ಕೆ ಇನ್ನೊಂದು ಅನುಕೂಲವಿದೆ: ಅಪ್ಪ ತೀರಿಕೊಂಡರೆ ಮಕ್ಕಳಿಗೆ ಬರುವುದು ಗುಂಪಿನ ಷೇರು. ಷೇರನ್ನು ಮೂವರಿಗೆ ಹಂಚಬಹುದು.

ಇಲ್ಲಿ ಕುಳಿತಿರುವ ಬ್ಯಾಂಕಿನ ಮಿತ್ರರಿಗೆ, ಸೊಸೈಟಿಯ ಕಾರ್ಯದರ್ಶಿಗಳಿಗೆ ಒಂದು ಬೇಡಿಕೆ. ಟ್ರ್ಯಾಕ್ಟರ್ ಸಾಲದ ಅರ್ಜಿಯಲ್ಲಿ ಎಕರೆ ಎಷ್ಟು ಎಂದು ಕೇಳುವಂತೆ, ವರ್ಷಕ್ಕೆ ಎಷ್ಟು ತಾಸು ಓಡುತ್ತದೆ, ಯಾರ ಹೊಲದಲ್ಲಿ ಓಡುತ್ತದೆ ಎಂದೂ ಕೇಳಿರಿ. ಅರವತ್ತು ವರ್ಷ ದಾಟಿದ ಸಾಲಗಾರ ಬಂದರೆ, ಪೌತಿ ಖಾತೆ ಆಗಿದೆಯೇ, ಹೊಲ ಇನ್ನೂ ಅಜ್ಜನ ಹೆಸರಿನಲ್ಲಿದೆಯೇ, ವಾರಸುದಾರರು ಯಾರು ಯಾರು ಎಂದು ವಿಚಾರಿಸಿ, ಹೆಣ್ಣುಮಕ್ಕಳೂ ಸೇರಿ ಎಲ್ಲರನ್ನೂ ಒಮ್ಮೆ ಕರೆಸಿ ಕಂತಿನ ಪಟ್ಟಿಯನ್ನು ಓದಿ ಹೇಳಿರಿ. ರೈತ ಬಂಧುಗಳು ಟ್ರ್ಯಾಕ್ಟರಿನ ಟೂಲ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇಡಲಿ. ಮನೆಯ ಹೊಲಕ್ಕೆ ಓಡಿದ ತಾಸು, ಬಾಡಿಗೆಗೆ ಓಡಿದ ತಾಸು, ಡೀಸೆಲ್ಲು, ರಿಪೇರಿ, ಕಟ್ಟಿದ ಕಂತು, ಈ ಐದನ್ನು ಬರೆಯಲಿ. ಓದು ಬಲ್ಲ ಸೊಸೆ, ಮಗಳು ಆ ಪುಸ್ತಕ ನೋಡಿಕೊಳ್ಳಲಿ. ಯುಗಾದಿಗೆ ಮನೆಯವರೆಲ್ಲ ಸೇರುತ್ತಾರಲ್ಲ, ಬೆಂಗಳೂರಿನ ಮಗ ಬಂದಿರುತ್ತಾನೆ, ಮಗಳು ಅಳಿಯ ಬಂದಿರುತ್ತಾರೆ. ಅಪ್ಪ ಬದುಕಿರುವಾಗಲೇ, ಅವರ ಮುಂದೆಯೇ, ಆ ಪುಸ್ತಕವನ್ನೂ ಪಹಣಿಯನ್ನೂ ಸಾಲದ ಪಾಸ್‌ಬುಕ್ಕನ್ನೂ ಒಟ್ಟಿಗೆ ಬಿಚ್ಚಿಡಿ.